ಮೀನು ದನ ಅಲ್ಲವಲ್ಲ

ಬಸರಿ ಮಡುವಿನ ಮೀನುಗಳು ಸತ್ತು ಮೂರು ದಿನವಾಗಿತ್ತು. ಮೊದಲ ದಿನ ನಾತ ಹೊಳೆಯ ದಡದಲ್ಲೇ ಇತ್ತು. ಎರಡನೆಯ ದಿನ ಕೇರಿಗೆ ಬಂತು. ಕೇರಿಗೆ ಬಂದ ನಾತ ಯಾರಿಗೂ ಸುದ್ದಿಯಲ್ಲ, ಹಾಗಾಗಿ ಸುದ್ದಿಯಾಗಲಿಲ್ಲ. ಮೂರನೆಯ ದಿನ ಗಾಳಿ ತಿರುಗಿ ಮೇಲಿನ ಬೀದಿಯ ಅಡುಗೆಮನೆಗಳಿಗೆ ನುಗ್ಗಿತು. ಆಗ ಊರಿಗೂ ಮೂಗಿದೆ ಎಂದು ಗೊತ್ತಾಯಿತು.

ನಂಜರಾಜಪ್ಪ ಪವರ್ ಹೌಸಿನ ಸೂಪರ್‌ವೈಸರ್. ಮೇಲಿನ ಬೀದಿಯವನು. ಕೇರಿಯೊಳಗೆ ಕಾಲಿಡುವ ವಾಡಿಕೆ ಅವನಪ್ಪನಿಗೂ ಇರಲಿಲ್ಲ, ಅವನಿಗೂ ಇಲ್ಲ. ಅಪ್ಪ ಬೇವಿನ ಮರದ ಹತ್ತಿರ ನಿಂತು ಕೂಗುತ್ತಿದ್ದ. ಮಗ ಓದಿದವನು, ಕೂಗುವುದಿಲ್ಲ, ಬೈಕಿನ ಹಾರನ್ ಒತ್ತುತ್ತಾನೆ. ಎರಡು ಸಲ ಒತ್ತಿದರೆ ಮಂಟಯ್ಯ ಬರಬೇಕು. ಅವತ್ತು ಬೆಳಿಗ್ಗೆ ಎರಡು ಸಲ ಒತ್ತಿದ, ಮತ್ತೆ ಎರಡು ಸಲ ಒತ್ತಿದ, ಆಮೇಲೆ ಕೈ ತೆಗೆಯಲೇ ಇಲ್ಲ.

ಮಂಟಯ್ಯನ ಬಾಯಲ್ಲಿ ತಂಗಳು ಮುದ್ದೆಯ ತುತ್ತಿತ್ತು. ಅದನ್ನು ನುಂಗುತ್ತಲೇ ಎದ್ದು ಬಂದ. ಐವತ್ತು ದಾಟಿದವನು. ಮೂವತ್ತು ವರ್ಷ ಹೊಳೆಯಲ್ಲಿ ತೆಪ್ಪ ಹಾಕಿದವನು. ಹುಟ್ಟು ಹಿಡಿದು ಹಿಡಿದು ಅವನ ಬೆರಳುಗಳು ಪೂರ್ತಿ ನೆಟ್ಟಗಾಗುವುದನ್ನೇ ಮರೆತಿದ್ದವು.

“ಮಂಟ, ಏಳೆಂಟ್ ಜನ ಕರ್ಕಂಡು ಮಡುವಿನ್ ತಾವ್ಕ ಬಾ,” ಎಂದ ನಂಜರಾಜಪ್ಪ ಕರ್ಚೀಫಿನ ಒಳಗಿಂದ. “ಮಧ್ಯಾನ ಮೂರ್ ಗಂಟ್ಗ ಎಮ್ಮೆಲ್ಲೆ ಸಾಯೇಬ್ರು ಬತ್ತಾವ್ರ. ಮೀನ್ಮರಿ ಬುಡೋ ಪೋಗ್ರಾಮು. ಅಷ್ಟೊತ್ಗ ಒಂದ್ ಸತ್ತ ಮೀನೂ ಕಣ್ಗ ಬೀಳಕೂಡ್ದು.”

ಬಾಗಿಲಲ್ಲಿ ಮಂಟಯ್ಯನ ಹೆಂಡತಿ ಚನ್ನಾಜಿ ನಿಂತಿದ್ದಳು. “ಇರ ಮೀನೆಲ್ಲ ಸಾಯ್ಸ್‌ಬುಟ್ಟು ಈಗ ಮರಿ ಬುಟ್ಟಾರ? ಅವ್ವನ್ ಊತ್ಬುಟ್ಟು ಮಗೀಗ ತೊಟ್ಲು ಕಟ್ದಂಗಾಯ್ತು.”

“ನಿನ್ನ ಯಾರ್ ಕೇಳುದ್ರಮ್ಮಿ?”

“ಯಾರೂ ಕೇಳ್ನಿಲ್ಲ ಬುದ್ದಿ. ಮೂಗಿಗ ಬಡೀತು, ಬಾಯ್ಗ ಬಂತು.”

ನಂಜರಾಜಪ್ಪ ಅವಳ ಕಡೆ ನೋಡಲಿಲ್ಲ. ಮಂಟಯ್ಯನಿಗೆ ಮಾತ್ರ ಕೇಳುವ ಹಾಗೆ ದನಿ ಇಳಿಸಿದ. “ನಿನ್ ತೆಪ್ಪದ್ ಪಾಸು ಮೀನ್ ಇಲಾಖೆ ಸಾಯೇಬ್ರ ತಾವೇ ಕುಂತದ. ಇವತ್ತು ಅವ್ರೂ ಬತ್ತಾರ. ಕೆಲ್ಸ ಚೆಂದಾಗ್ ಆದ್ರ ನಾ ಒಂದ್ ಮಾತ್ ಯೋಳ್ತೀನಿ.”

ಪಾಸು ಎಂದರೆ ಮಂಟಯ್ಯನ ಅನ್ನ. ಸಂಕ್ರಾಂತಿಯಿಂದ ಅದು ಬಂದಿರಲಿಲ್ಲ. ಪಾಸಿಲ್ಲದೆ ತೆಪ್ಪ ನೀರಿಗೆ ಇಳಿಸಿದರೆ ಇಲಾಖೆಯ ಕಾವಲಿನವರು ಮಚ್ಚಿನಿಂದ ಅದರ ತಳ ಸೀಳಿಬಿಡುತ್ತಾರೆ. ಹೋದ ವರ್ಷ ಇಬ್ಬರ ತೆಪ್ಪ ಸೀಳಿದ್ದರು. ಮಂಟಯ್ಯನ ಬುಟ್ಟಿಯಂಥ ದುಂಡು ತೆಪ್ಪ ಮೂರು ತಿಂಗಳಿಂದ ಮನೆಯ ಮುಂದೆ ಬೋರಲು ಬಿದ್ದಿತ್ತು, ಅದರ ಕೆಳಗೆ ಕೋಳಿ ಮರಿ ಮಾಡಿತ್ತು.

ಆದರೂ ಅವನು ಕೂಡಲೇ ಹೂಂ ಅನ್ನಲಿಲ್ಲ. ಅನ್ನುವ ಹಾಗಿರಲಿಲ್ಲ. ಅದಕ್ಕೊಂದು ಕಾರಣವಿತ್ತು.

ಮಂಟಯ್ಯನ ಅಪ್ಪನ ಕಾಲಕ್ಕೆ ಊರಿನಲ್ಲಿ ದನ ಸತ್ತರೆ ಕೇರಿಯವರೇ ಎಳೆಯಬೇಕಿತ್ತು. ಹಬ್ಬವಿರಲಿ, ಮನೆಯಲ್ಲಿ ಹೆರಿಗೆಯಿರಲಿ, ಕೂಗು ಬಿದ್ದರೆ ಹಗ್ಗ ಹಿಡಿದು ಹೊರಡಬೇಕು. ಒಂದು ವರ್ಷ ರೋಗ ಬಂದು ಒಂದೇ ವಾರದಲ್ಲಿ ಇಪ್ಪತ್ತು ದನ ಸತ್ತವು. ಎಳೆದ ಗಂಡಸರ ಹೆಗಲಿನ ಚರ್ಮ ಕಿತ್ತು ಬಂತು. ಕೊನೆಯ ದನ ಎಳೆದ ದಿನ ಅವರೆಲ್ಲ ಸ್ನಾನ ಮಾಡಿ, ದೇವರೆಂದು ಪೂಜಿಸುವ ಸಿದ್ದಪ್ಪಾಜಿಯ ಕಂಡಾಯದ ಮುಂದೆ ನಿಂತು ಆಣೆ ಮಾಡಿದರು. ಇನ್ನು ಈ ಕೇರಿಯವರು ಯಾರ ಮನೆಯ ದನದ ಹೆಣವನ್ನೂ ಮುಟ್ಟುವುದಿಲ್ಲ. ಊರು ನಾಲ್ಕು ತಿಂಗಳು ಕೂಲಿ ಕೊಡಲಿಲ್ಲ, ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಕೇರಿ ಗೆಡ್ಡೆ ಗೆಣಸು ತಿಂದು ಬದುಕಿತು. ಆಣೆ ಮುರಿಯಲಿಲ್ಲ. ಆ ಆಣೆಗೆ ನಿಂತವರಲ್ಲಿ ಈಗ ಉಳಿದಿರುವುದು ಮಂಟಯ್ಯನ ಚಿಕ್ಕಪ್ಪ ಬಸ್ವಯ್ಯ ಒಬ್ಬನೇ.

ಅವನನ್ನು ಕೇಳದೆ ಆಗುವುದಿಲ್ಲ. ಬಸ್ವಯ್ಯ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ. ಕೇಳಿಸಿಕೊಂಡ. ಕುಟ್ಟಾಣಿ ಪಕ್ಕಕ್ಕಿಟ್ಟ. ಸುತ್ತ ಏಳೆಂಟು ಜನ ನಿಂತಿದ್ದರು, ಎಲ್ಲರ ಕಣ್ಣೂ ಮುದುಕನ ಬಾಯಿಯ ಮೇಲೆ. ಎಲ್ಲರಿಗೂ ಏನಾದರೊಂದು ಪಾಸು ಬೇಕಿತ್ತು.

“ಕಂಡಾಯದ್ ಮುಂದ ನಾವ್ ಆಣೆ ಮಾಡುದ್ದು ದನೀನ್ ಎಣಕ್ಕ,” ಎಂದ ಬಸ್ವಯ್ಯ ಕೊನೆಗೆ. “ಮೀನ್ ಅಂತ ಯಾರೂ ಬಾಯ್ಬುಟ್ಟಿರ್ನಿಲ್ಲ. ಮೀನ ನಾವ್ ದಿನಾ ಮುಟ್ತೀವಿ. ಮೀನ್ ದನ ಅಲ್ವಲ್ಲ.”

ಎಲ್ಲರೂ ಉಸಿರು ಬಿಟ್ಟರು. ದಾರಿ ಸಿಕ್ಕಿತ್ತು. ಹಸಿದವನಿಗೆ ಇಂಥ ದಾರಿ ಬೇಗ ಕಾಣುತ್ತದೆ.

ಮಡು ಈಗ ಮಡುವಾಗಿ ಉಳಿದಿರಲಿಲ್ಲ. ಮೇಲೆ ಒಂದು ಕೂಗಳತೆಯಲ್ಲಿ ಪವರ್ ಹೌಸಿನ ಕಂಪನಿ ಕಟ್ಟಿದ ಕಟ್ಟೆ. ಹೊಳೆಗೆ ಸದಾ ಇಷ್ಟು ನೀರು ಬಿಡಬೇಕೆಂದು ಕಟ್ಟೆಯ ಮೇಲೆ ಹಸಿರು ಬೋರ್ಡಿದೆ. ಶಿವರಾತ್ರಿ ಕಳೆದ ಮೇಲೆ ಆ ಬೋರ್ಡನ್ನು ಓದುವವರು ಯಾರೂ ಇಲ್ಲ. ಇದ್ದಬದ್ದ ನೀರೆಲ್ಲ ಕಾಲುವೆಗೆ ತಿರುಗಿ ಟರ್ಬೈನಿಗೆ ಹೋಯಿತು. ಕೆಳಗಿನ ಹೊಳೆಯಲ್ಲಿ ಬಂಡೆ ಎದ್ದವು. ಮೀನುಗಳೆಲ್ಲ ಬಂದು ಬಸರಿ ಮಡುವಿನಲ್ಲಿ ಸೇರಿಕೊಂಡವು. ಸಾಯಲು ಅಲ್ಲ, ಬದುಕಲು ಬಂದವು. ಎಷ್ಟೇ ಬಿಸಿಲಿದ್ದರೂ ಆ ಮಡು ಒಣಗಿದ್ದನ್ನು ಯಾರೂ ಕಂಡಿರಲಿಲ್ಲ.

ಸೋಮವಾರ ಕಂಪನಿಯವರು ಕಟ್ಟೆಯ ತಳದ ಗೇಟು ಎತ್ತಿದರು. ಒಳಗೆ ಕೂತಿದ್ದ ಹೂಳು ತೊಳೆಯಬೇಕಂತೆ. ಹತ್ತು ವರ್ಷದ ಕರಿ ಹೂಳು, ಅಂಟಿನ ಹಾಗಿರುವಂಥದು, ಒಂದೇ ಸಲಕ್ಕೆ ಬಂದು ಮಡುವಿಗೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಮೀನುಗಳು ಬಾಯಿ ಮೇಲೆ ಮಾಡಿ ಗಾಳಿ ಕುಡಿಯತೊಡಗಿದವು. ಮಂಟಯ್ಯ ಪವರ್ ಹೌಸಿನ ಗೇಟಿಗೆ ಓಡಿದ. ಎರಡು ಗಂಟೆ ಒಳ್ಳೆ ನೀರು ಬಿಡಿ, ಉಳಿಯುತ್ತವೆ ಎಂದ. ವಾಚ್‌ಮನ್ ಒಳಗೆ ಹೋಗಿ ಬಂದು, ಸಾಹೇಬರು ಊಟಕ್ಕೆ ಕೂತಿದ್ದಾರೆ ನಿಂತುಕೋ ಎಂದ. ಮಂಟಯ್ಯ ನಿಂತುಕೊಂಡ. ಕತ್ತಲಾಗುವವರೆಗೂ ನಿಂತುಕೊಂಡ. ಮಂಗಳವಾರ ಬೆಳಿಗ್ಗೆ ಮಡುವಿನ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು.

ಈಗ ಆ ಹೊಟ್ಟೆಗಳು ಬಿಳಿಯಾಗಿರಲಿಲ್ಲ. ಊದಿ, ಹಸಿರು ತಿರುಗಿ, ಮೇಲೆ ನೊಣದ ಹೊದಿಕೆ ಹೊದ್ದಿದ್ದವು. ಎಲ್ಲವೂ ಬಿಳಿಮೀನು. ಬಿಳಿಮೀನು ಎಂದರೆ ಬುಟ್ಟಿಯಲ್ಲಿ ಹಿಡಿಯುವ ಮೀನಲ್ಲ. ಬೆನ್ನ ಮೇಲೆ ಗೂನು, ಕಿತ್ತಳೆಗೆಂಪು ಬಣ್ಣದ ರೆಕ್ಕೆ, ಅಂಗೈ ಅಗಲದ ಹುರುಪೆ. ಬೆಳೆದದ್ದು ಆಳಿನ ಎದೆಯವರೆಗೂ ಬರುತ್ತದೆ. ಈ ಹೊಳೆ, ಇದಕ್ಕೆ ಸೇರುವ ಹೊಳೆಗಳು, ಅಷ್ಟು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಈ ಮೀನಿಲ್ಲ. ಇದನ್ನು ಮಂಟಯ್ಯನಿಗೆ ಹೇಳಿದವರು ಗಾಳದ ಕ್ಯಾಂಪಿನ ದೊರೆಗಳು.

ಆಗೆಲ್ಲ ದೂರದ ದೇಶದಿಂದ ದೊರೆಗಳು ಬರುತ್ತಿದ್ದರು. ಚನ್ನಾಜಿ ಬೇಯಿಸಿ ಕೊಟ್ಟ ರಾಗಿ ಹಿಟ್ಟಿನ ಉಂಡೆಯೇ ಗಾಳಕ್ಕೆ ಮೇವು. ಮೀನು ಕಚ್ಚಿದರೆ ಮಂಟಯ್ಯ ಗಂಟೆಗಟ್ಟಲೆ ಅದರ ಹಿಂದೆ ತೆಪ್ಪ ಹಾಕಬೇಕು. ಕೊನೆಗೆ ನೀರಿಗೆ ಇಳಿದು ಅದನ್ನು ತಬ್ಬಿ ತರಬೇಕು. ದೊರೆ ಮೀನನ್ನು ಮಡಿಲಲ್ಲಿ ಇಟ್ಟುಕೊಂಡು ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುತ್ತಿದ್ದ. ಅಂಥ ಒಂದು ಫೋಟೋ ಈಗಲೂ ಕಾಡಿನ ಹೋಟೆಲಿನ ಗೋಡೆಯ ಮೇಲಿದೆ. ಅದರಲ್ಲಿ ದೊರೆಯ ನಗುವಿದೆ, ಮೀನಿದೆ, ಮೀನಿನ ಬಾಲವನ್ನು ಹಿಡಿದ ಎರಡು ಕಪ್ಪು ಕೈಗಳಿವೆ. ಕೈಗಳ ಯಜಮಾನನನ್ನು ಫ್ರೇಮಿನ ಮರ ಕತ್ತರಿಸಿಹಾಕಿದೆ. ಕ್ಯಾಂಪು ಮುಚ್ಚಿತು, ದೊರೆಗಳು ಹೋದರು. ಹೊಳೆ ಕಾಯುತ್ತಿದ್ದ ಕಣ್ಣುಗಳೂ ಹೋದವು. ಕಟ್ಟೆ ಬಂತು.

ಐದು ಗಂಡಸರು, ಮೂರು ಹೆಂಗಸರು ಕೆಸರಿಗೆ ಇಳಿದರು. ಕೈಗೆ ಕವಚವಿಲ್ಲ, ಕಾಲಿಗೆ ಬೂಟಿಲ್ಲ. ದಡದ ಮೇಲೆ ಜೀಪಿನೊಳಗೆ ಕೂತ ಇಬ್ಬರು ಇಂಜಿನಿಯರುಗಳ ಮುಖಕ್ಕೆ ಮಾತ್ರ ಮಾಸ್ಕಿತ್ತು. ನಂಜರಾಜಪ್ಪ ಗಂಡಸರಿಗೆ ಒಂದೊಂದು ಪಾಕೀಟು ಸಾರಾಯಿ ಎಸೆದ. “ಕುಡ್ಕಳಿ, ವಾಸ್ನೆ ಗೊತ್ತಾಗಲ್ಲ,” ಎಂದ. ಕೊಡಲಿಲ್ಲ, ಎಸೆದ. ಅದು ಮಂಟಯ್ಯನ ಕಾಲ ಹತ್ತಿರ ಕೆಸರಿಗೆ ಬಿತ್ತು. ಅವನು ಎತ್ತಿ, ಒರೆಸಿ, ಕುಡಿದ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಕುಡಿದೇ ಇಳಿದ.

ಮೊದಲ ಮೀನಿನ ಬಾಲ ಹಿಡಿದು ಎಳೆದರು. ಬಾಲ ಕೈಗೆ ಬಂತು, ಮೀನು ಅಲ್ಲೇ ಉಳಿಯಿತು. ಎರಡನೆಯದರ ನಡುವಿಗೆ ಕೈ ಹಾಕಿದರು. ಚರ್ಮ ಕಾಲುಚೀಲದ ಹಾಗೆ ಜಾರಿ ಬಂತು. ಹೊಟ್ಟೆ ಒಡೆದು ಒಳಗಿನ ಕೀವಿನಂಥ ನೀರು ಮಂಟಯ್ಯನ ಎದೆಗೆ, ಗಂಟಲಿಗೆ, ತುಟಿಗೆ ಸಿಡಿಯಿತು. ಅವನು ಬೆಳಗಿನ ಮುದ್ದೆಯನ್ನೂ ಸಾರಾಯಿಯನ್ನೂ ಒಟ್ಟಿಗೇ ಕಕ್ಕಿದ. ಜೀಪಿನೊಳಗೆ ಯಾರೋ ನಕ್ಕರು. ಆಮೇಲೆ ಗೋಣಿಚೀಲ ಹಾಸಿ, ಮೀನನ್ನು ಅದರ ಮೇಲೆ ಹೊರಳಿಸಿ, ನಾಲ್ಕು ಮೂಲೆಗೆ ನಾಲ್ಕು ಜನ ಹಿಡಿದು ಎಳೆದರು. ಹೆಂಗಸರು ಉದುರಿದ್ದನ್ನೆಲ್ಲ ಮಂಕರಿಗೆ ತುಂಬಿ ತಲೆಯ ಮೇಲೆ ಹೊತ್ತರು. ಮಂಕರಿಯ ಸಂದಿನಿಂದ ರಸ ಸೋರಿ ಚನ್ನಾಜಿಯ ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಅವಳಿಗೆ ಶುದ್ಧವಾದ ಕೈಯಿರಲಿಲ್ಲ.

ಒಂದು ಹೆಣ್ಣು ಮೀನಿನ ಹೊಟ್ಟೆಯಿಂದ ಮೊಟ್ಟೆ ಸುರಿಯಿತು. ಮುಂಗಾರಿನ ಹೊಸ ನೀರಿಗೆ ಮೇಲಕ್ಕೆ ಹೋಗಿ ಇಡಬೇಕಾಗಿದ್ದ ಮೊಟ್ಟೆ, ಇನ್ನೂ ಬಲಿಯದ್ದು. ಹೆಂಗಸರು ನಿಂತುಬಿಟ್ಟರು. ಚನ್ನಾಜಿ ಅದನ್ನು ಮಂಕರಿಗೆ ಹಾಕಲಿಲ್ಲ, ಎರಡು ಕೈಯಲ್ಲಿ ಬಾಚಿ ಮಣ್ಣಿಗೆ ಹಾಕಿ ಮೇಲೆ ಮಣ್ಣೆಳೆದಳು.

“ಬೇಗ್ ಬೇಗ್ನ ಆಗ್ಲಿ. ಬಾಣಂತನ ಮಾಡಾಕ ಬಂದಿದ್ದೀರಾ?” ಎಂದ ನಂಜರಾಜಪ್ಪ ಮೇಲಿನಿಂದ.

ದಡದ ಹಿಂದೆ ಜೇಸಿಬಿ ತೋಡಿದ ಗುಂಡಿಯಿತ್ತು. ಗುಂಡಿ ತೋಡಲು ಯಂತ್ರ ಬಂದಿತ್ತು. ಮೀನು ಎತ್ತಲು ಬರಲಿಲ್ಲ. ವಾಸನೆ ಹಿಡಿದರೆ ಗಾಡಿ ತೊಳೆಯುವವರಾರು ಎಂದು ಅದರ ಡ್ರೈವರ್ ಒಪ್ಪಿರಲಿಲ್ಲವಂತೆ. ನಡುಹಗಲಿನ ಹೊತ್ತಿಗೆ ಮೂವತ್ತೊಂಬತ್ತು ಬಿಳಿಮೀನು ಗುಂಡಿಗೆ ಬಿದ್ದಿದ್ದವು. ಮೇಲೆ ಸುಣ್ಣ ಚೆಲ್ಲಿದರು. ಇನ್ನು ಮಣ್ಣು ಎಳೆಯುವುದೊಂದೇ ಬಾಕಿ.

ಆಗ ಮೀನು ಇಲಾಖೆಯ ಸಾಹೇಬ ಬಂದ. ಅವನ ಹಿಂದೆ ಒಂದು ಟೆಂಪೋ. ಟೆಂಪೋ ತುಂಬ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು, ಚೀಲಗಳ ತುಂಬ ಮೀನುಮರಿಗಳು. ಮಂಟಯ್ಯ ಒಂದು ಚೀಲದ ಹತ್ತಿರ ಬಗ್ಗಿ ನೋಡಿದ. ಮರಿಗಳ ರೆಕ್ಕೆ ನೀಲಿಯಾಗಿತ್ತು.

“ಬುದ್ದಿ, ಇದು ನಮ್ಮೊಳ ಮೀನಲ್ಲ. ನಮ್ದು ಕೆಂಪ್ ರೆಕ್ಕ. ಈ ನೀಲಿ ರೆಕ್ಕದು ಬ್ಯಾರೆ ಸೀಮೇದು. ಇಪ್ಪತ್ ವರ್ಸದಿಂದ ಇದ್ನೇ ತಂದ್ ತಂದ್ ಬುಟ್ಟು, ನಮ್ ಮೀನ್ಗ ಮೇವೇ ಇಲ್ದಂಗ್ ಆಗದ.”

“ಎಲ್ಲ ಒಂದೇ ಕಣಯ್ಯ. ಮೀನಿಗೆಂಥ ಜಾತಿ?” ಎಂದ ಸಾಹೇಬ.

ಚನ್ನಾಜಿ ಮಂಕರಿ ಇಳಿಸಿದಳು. “ಅದೂ ಸರೀನೆ ಸಾ. ಮೀನ್ಗ ಜಾತಿ ಇಲ್ಲ. ಅಂಗಾರ ಈ ಎಣ ಎತ್ತಾಕ ನಮ್ ಕೇರ್ಗೇ ಯಾಕ್ ಬಂದ್ರಿ?”

ಸಾಹೇಬ ತನ್ನ ಕೈಚೀಲದಿಂದ ಒಂದು ಕಾಗದ ತೆಗೆದ. ಮಹಜರು ಎಂದ. ಕೇರಿಯ ಇಬ್ಬರ ಹೆಬ್ಬೆಟ್ಟು ಬೇಕು, ಸಾಕ್ಷಿಗೆ. ಎಷ್ಟು ಮೀನು ಹೂತೆವು ಅಂತ ಲೆಕ್ಕ ಅಷ್ಟೆ, ಬೇರೇನಿಲ್ಲ. ಮಂಟಯ್ಯ ಮುಂದೆ ಬಂದ. ಸಾಹೇಬ ಕಾಗದವನ್ನೂ ಮಸಿಯ ಡಬ್ಬಿಯನ್ನೂ ಕಲ್ಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತ. ಮಂಟಯ್ಯ ಬೆರಳು ಒತ್ತಿದ. ಗೆರೆ ಮೂಡಲಿಲ್ಲ. ಬೆಳಗಿನಿಂದ ಕೊಳೆತ ಮೀನಿನಲ್ಲಿ ನೆನೆದ ಬೆರಳು, ಕಾಗದದ ಮೇಲೆ ಎಣ್ಣೆಯ ಕಲೆ ಮಾತ್ರ ಬಿತ್ತು.

“ಥೂ. ಹೋಗಿ ಸೋಪು ಹಾಕಿ ತೊಳ್ಕೊಂಡು ಬಾರಯ್ಯ. ಪೇಪರ್ ಹಾಳಾಗುತ್ತೆ,” ಎಂದು ಸಾಹೇಬ ಮುಖ ಸಿಂಡರಿಸಿದ.

ಮಂಟಯ್ಯ ತೊಳೆಯಲು ಹೋದ. ಅಷ್ಟರಲ್ಲಿ ಚನ್ನಾಜಿ ಕಲ್ಲಿನ ಮೇಲಿದ್ದ ಕಾಗದದ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಅವಳು ಏಳನೆಯ ಕ್ಲಾಸಿನವರೆಗೆ ಓದಿದವಳು. ಅದು ಅಲ್ಲಿದ್ದ ದೊಡ್ಡವರಿಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಅನ್ನಿಸಿಯೂ ಇರಲಿಲ್ಲ. ಅವಳು ಕಾಗದ ಮುಟ್ಟಲಿಲ್ಲ. ಬಗ್ಗಿ ಗಟ್ಟಿಯಾಗಿ ಓದಿದಳು.

“ಕೇರಿಯ ಕಡೆಯ ಕೆಲವು ಕಿಡಿಗೇಡಿಗಳು... ಅಕ್ರಮವಾಗಿ ಸಿಡಿಮದ್ದಿನ ತೋಟೆ ಸಿಡಿಸಿ ಮೀನು ಹಿಡಿಯುತ್ತಿದ್ದುದರಿಂದ... ಸದರಿ ಮೀನುಗಳು ಸತ್ತಿರುವುದು ಕಂಡುಬಂದಿದ್ದು... ನಾವುಗಳು ಕಣ್ಣಾರೆ ಕಂಡು...”

ಓದು ನಿಂತಿತು. ಸಾಹೇಬ ಕಾಗದ ಕಿತ್ತುಕೊಂಡ.

ಮಂಟಯ್ಯ ಒದ್ದೆ ಕೈಯಲ್ಲೇ ನಿಂತಿದ್ದ. ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಈ ಬೆರಳು ಬಿದ್ದರೆ ಕೇರಿಯ ಯಾವ ಗಂಡಸೂ ಮತ್ತೆ ಹೊಳೆಗೆ ಇಳಿಯುವ ಹಾಗಿಲ್ಲ. ಯಾರನ್ನು ಬೇಕಾದರೂ ಹಿಡಿದುಕೊಂಡು ಹೋಗಬಹುದು. ಹೊಳೆ ಕಂಪನಿಯದು, ಕೊಲೆ ಕೇರಿಯದು.

“ಬುದ್ದಿ,” ಎಂದ ಅವನು ನಂಜರಾಜಪ್ಪನ ಕಡೆ ತಿರುಗಿ. “ತೋಟೆ ಬಿದ್ದ ಮೀನ ನಾ ಕಂಡಿವ್ನಿ. ಬೆನ್ ಮೂಳೆ ಮುರ್ದಿರ್ತದ. ಒಳ್ಗ ಗಾಳಿ ಬುಡ್ಡೆ ಒಡ್ದಿರ್ತದ. ಕಣ್ಣಲ್ಲಿ ರಕ್ತ ಇಳ್ದಿರ್ತದ. ಇವುಕ್ಕ ಒಂದ್ಕಾದ್ರೂ ಬೆನ್ ಮುರ್ದಿದ್ದದಾ ತೋರ್ಸಿ. ಕಿವಿರ್ ತಗುದ್ ನೋಡಿ. ನಿಮ್ ಕಟ್ಟೆ ಹೂಳು ಗಾರೆ ಮೆತ್ತುದಂಗ ಮೆತ್ಕಂಡದ.”

“ಅದೆಲ್ಲ ಲ್ಯಾಬಿನಲ್ಲಿ ನೋಡ್ತಾರೆ. ನಿಂಗ್ಯಾಕೆ?” ಎಂದ ಸಾಹೇಬ.

“ಲ್ಯಾಬ್ಗ ಏನ್ ಕಳುಸ್ತೀರಿ ಸಾ? ಮಣ್ಣಾ? ಎಲ್ಲಾನೂ ನಮ್ ಕೈಲೇ ಊಳುಸ್ತಾ ಇದ್ದೀರಲ್ಲ.”

ಹೇಳಿದ ಮೇಲೆ ಮಂಟಯ್ಯ ತನ್ನ ಕೈ ನೋಡಿಕೊಂಡ. ಬೆಳಗಿನಿಂದ ತಾನು ಮಾಡುತ್ತಿದ್ದ ಕೆಲಸ ಏನೆಂದು ಆಗ ಕಂಡಿತು. ಕೊಂದವನ ಕೈಯ ರಕ್ತ ತೊಳೆಯುವ ಕೆಲಸ. ಅದನ್ನು ಸಾರಾಯಿ ಕುಡಿದು, ವಾಂತಿ ಮಾಡಿಕೊಂಡು, ಪಾಸಿನ ಆಸೆಗೆ ಮಾಡಿದ್ದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬಸರಿ ಮರದ ಬುಡದಲ್ಲಿ ಬಸ್ವಯ್ಯ ಕೊಡೆ ಬಿಚ್ಚಿಕೊಂಡು ಕೂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ, ತಾನೇ ಕೋಲೂರಿಕೊಂಡು ಬಂದಿದ್ದ. ಈಗ ಎದ್ದು ನಿಂತ.

“ಮೀನ್ ದನ ಅಲ್ಲ ಅಂತ ನಾನೇ ಕನ್ಲಾ ಯೋಳುದ್ದು. ನನ್ ಬಾಯ್ಗ ಮಣ್ಣಾಕ. ಅವತ್ತು ದನ ಎಳುಸ್ತಿದ್ದ ನನ್ಮಕ್ಳು ತೊಗಲ್ನಾದ್ರೂ ನಮ್ಗ ಬುಡೋರು. ದನೀನ ನೀವೇ ಕೊಂದ್ರಿ ಅಂತ ಅಂತಿರ್ನಿಲ್ಲ. ಇವ್ರು ಎಣಾನೂ ಎಳುಸ್ತಾರ, ಕೊಲೇನೂ ನಮ್ ತಲ್ಗೇ ಕಟ್ತಾರ.”

“ಏಯ್ ಮುದ್ಕ, ಬಾಯ್ ಮುಚ್ಕಂಡ್ ಕೂತ್ಕ,” ಎಂದ ನಂಜರಾಜಪ್ಪ. “ಮಂಟ, ನೀ ಒತ್ತು. ಪಾಸು ಇಲ್ಲೇ ಸಾಯೇಬ್ರ ಜೋಬಲ್ಲೇ ಅದ.”

ನಿಜ. ಸಾಹೇಬ ಜೇಬಿನಿಂದ ಪಾಸು ತೆಗೆದು ತೋರಿಸಿದ. ಮಂಟಯ್ಯನ ಫೋಟೋ ಅಂಟಿಸಿದ್ದ ಹಳದಿ ಕಾರ್ಡು. ಈ ಸಲ ಫೋಟೋದಲ್ಲಿ ಕೈಯಿರಲಿಲ್ಲ, ಮುಖವಿತ್ತು. ಮಂಟಯ್ಯ ಅದನ್ನು ನೋಡಿದ. ಇಷ್ಟು ಹತ್ತಿರದಿಂದ ನೋಡಿ ಬಿಡುವುದು ಸುಲಭವಲ್ಲ. ಅವನು ಚನ್ನಾಜಿಯ ಕಡೆ ನೋಡಿದ. ಅವಳು ಕಣ್ಣಿಗಿಳಿದ ರಸವನ್ನು ಮೊಣಕೈಯಿಂದ ಒರೆಸಿಕೊಳ್ಳುತ್ತಿದ್ದಳು, ಒರೆಸಿದಷ್ಟೂ ಅದು ಹರಡುತ್ತಿತ್ತು.

“ನಾ ಒತ್ತಲ್ಲ,” ಎಂದ ಮಂಟಯ್ಯ.

“ಏನಂದೆ?”

“ಒತ್ತಲ್ಲ ಅಂದೆ. ಎತ್ತುದ್ದೂ ತಪ್ಪಾಯ್ತು.”

ಅವನು ಗುಂಡಿಗೆ ಧುಮುಕಿದ. ಸುಣ್ಣ ಕಾಲಿಗೆ ಹತ್ತಿ ಉರಿಯಿತು. ಮೇಲಿದ್ದ ಮೀನಿನ ಅಡಿಗೆ ಎರಡೂ ತೋಳು ತೂರಿಸಿ ಎತ್ತಿದ. ದೊರೆಗಳ ಕಾಲದಲ್ಲಿ ಜೀವಂತ ಮೀನನ್ನು ಹೀಗೆಯೇ ಎತ್ತುತ್ತಿದ್ದ. ಅಂಚಿನಲ್ಲಿ ಚನ್ನಾಜಿ ಮಂಡಿಯೂರಿ ಗೋಣಿ ಹಾಸಿದಳು. ಒಂದು ಬಂತು. ಇನ್ನೊಂದು ಬಂತು. ಉಳಿದವರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬ ಕೆಂಪಣ್ಣ, ಅವನಿಗೆ ಮಗಳ ಮದುವೆ ಹತ್ತಿರವಿತ್ತು. ಅವನೇ ಮೊದಲು ಇಳಿದ. ಆಮೇಲೆ ಎಲ್ಲರೂ ಇಳಿದರು.

ಹೂಳುವುದಕ್ಕಿಂತ ತೆಗೆಯುವುದು ಕಷ್ಟ. ಸುಣ್ಣ ತಾಗಿದ ಮಾಂಸ ಮುದ್ದೆಮುದ್ದೆಯಾಗಿ ಬಂತು. ಕೆಲವಕ್ಕೆ ತಲೆ ಬಂತು, ಮೈ ಆಮೇಲೆ ಬಂತು. ಆದರೂ ಒಂದನ್ನೂ ಬಿಡಲಿಲ್ಲ. ಕಾರ್ಯಕ್ರಮಕ್ಕೆಂದು ಕಟ್ಟಿದ್ದ ಶಾಮಿಯಾನದ ಮುಂದೆ, ಎಮ್ಮೆಲ್ಲೆ ನಡೆದು ಬರಲೆಂದು ಹಾಸಿದ್ದ ಕೆಂಪು ಜಮಖಾನೆಯ ಆಚೆ ಈಚೆ ಸಾಲಾಗಿ ಮಲಗಿಸಿದರು. ಸಾಲು ಮುಗಿಯಲಿಲ್ಲ, ಜಮಖಾನೆಯ ಮೇಲೂ ಮಲಗಿಸಿದರು. ಮಂಟಯ್ಯ ಒಂದೊಂದರ ಕಿವಿರನ್ನೂ ಬೆರಳಿಂದ ಅಗಲಿಸಿ ಇಟ್ಟ. ಕೆಂಪಗೆ ಇರಬೇಕಾದ ಕಡೆ ಕರಿ ಕೆಸರು ಗಟ್ಟಿಯಾಗಿ ತುಂಬಿತ್ತು. ಅದನ್ನು ನೋಡಲು ಲ್ಯಾಬು ಬೇಕಿರಲಿಲ್ಲ.

ಆಮೇಲೆ ಎಲ್ಲರೂ ಹೋಗಿ ಬಸರಿ ಮರದ ಕೆಳಗೆ, ಬಸ್ವಯ್ಯನ ಹತ್ತಿರ ಸಾಲಾಗಿ ಕೂತರು.

ನಂಜರಾಜಪ್ಪ ಮೊದಲು ಬೈದ. ಅವ್ವ ಅಕ್ಕ ಯಾರನ್ನೂ ಬಿಡಲಿಲ್ಲ. ಆಮೇಲೆ ಕೇಸು ಹಾಕಿಸುತ್ತೇನೆ ಅಂದ. ಆಮೇಲೆ ಪಾಸು ಹರಿಸಿದ. ಸಾಹೇಬ ಹಳದಿ ಕಾರ್ಡನ್ನು ನಾಲ್ಕು ಚೂರು ಮಾಡಿ ಗಾಳಿಗೆ ಬಿಟ್ಟ. ಒಂದು ಚೂರು ಬಂದು ಮೀನಿನ ಮೇಲೆ ಅಂಟಿಕೊಂಡಿತು. ಆ ಪಾಸು ಮಂಟಯ್ಯನಿಗೆ ಮತ್ತೆಂದೂ ಬರಲಿಲ್ಲ. ಆ ಮಹಜರಿಗೆ ಕೇರಿಯ ಒಂದು ಬೆರಳೂ ಬೀಳಲಿಲ್ಲ.

ಬೈದು ದಣಿದ ಮೇಲೆ ನಂಜರಾಜಪ್ಪ ಗಡಿಯಾರ ನೋಡಿದ. ಎರಡೂವರೆ. ಮೇಲಿನ ಬೀದಿಗೆ ಫೋನು ಮಾಡಿ ಹುಡುಗರನ್ನು ಕರೆಸಿದ. ಹತ್ತು ಜನ ಬೈಕಿನಲ್ಲಿ ಬಂದರು. ದಿಬ್ಬದ ಮೇಲೆ ನಿಂತು ಕೆಳಗೆ ನೋಡಿದರು.

“ಅಣ್ಣ, ನಾವ್ ಎಂಗ್ ಮುಟ್ಟದು ಇದ್ನ?” ಎಂದ ಒಬ್ಬ.

“ಮೀನ್ ಕನ್ರೋ. ಮೀನ್ ತಾನೇ,” ಎಂದ ನಂಜರಾಜಪ್ಪ.

“ನಾವ್ ಮೀನ್ ತಿನ್ನೋರೇ ಅಲ್ವಲ್ಲಣ್ಣ,” ಎಂದು ಇನ್ನೊಬ್ಬ ಬೈಕು ತಿರುಗಿಸಿದ. ಉಳಿದವರೂ ತಿರುಗಿಸಿದರು. ಒಬ್ಬ ಮಾತ್ರ ಹೋಗುವ ಮೊದಲು ಪೊದೆಯ ಹಿಂದೆ ಕಕ್ಕಿಕೊಂಡ. ಜೀಪಿನ ಇಂಜಿನಿಯರುಗಳು ಕಿಟಕಿಯ ಗಾಜು ಏರಿಸಿಕೊಂಡರು. ಸಾಹೇಬ ಫೋನು ಕಿವಿಗಿಟ್ಟು ದೂರ ದೂರ ನಡೆದ. ಜೇಸಿಬಿಯವನು ಗಾಡಿಯ ಬೀಗದ ಕೈ ಜೇಬಿಗೆ ಹಾಕಿಕೊಂಡು ಬೀಡಿ ಹಚ್ಚಿದ.

“ಮಂಟಣ್ಣ,” ಎಂದ ನಂಜರಾಜಪ್ಪ.

ಕೇರಿಯವರೆಲ್ಲ ತಲೆಯೆತ್ತಿದರು. ಮೇಲಿನ ಬೀದಿಯವರ ಬಾಯಿಂದ ಆ ‘ಅಣ್ಣ’ ಈ ಊರಿನಲ್ಲಿ ಅದೇ ಮೊದಲು.

“ಮಂಟಣ್ಣ, ಆಗುದ್ದು ಆಯ್ತು. ನನ್ ಕೆಲ್ಸ ಓಯ್ತದ ಕನಪ್ಪ. ಈ ಒಂದ್ಸಲ ಎತ್ತಾಕ್ಬುಡಿ. ನಿಮ್ ಕಾಲ್ಗ ಬೀಳ್ತೀನಿ.”

“ಕಾಲ್ಗ ಬೀಳಾಕೂ ನೀ ನಮ್ ತಾವ್ಕ ಬರ್ಬೇಕಲ್ಲಪ್ಪ,” ಎಂದ ಬಸ್ವಯ್ಯ. “ಅಲ್ಲೇ ನಿಂತ್ಕಂಡ್ ಬೀಳ್ತೀಯಾ?”

ನಂಜರಾಜಪ್ಪ ಅಲ್ಲೇ ನಿಂತಿದ್ದ, ಹತ್ತು ಮಾರು ದೂರದಲ್ಲಿ. ದಿಬ್ಬದ ಮೇಲೆ ಧೂಳು ಕಂಡಿತು. ಮೂರು ಕಾರು, ಹಿಂದೆ ಪೊಲೀಸ್ ಜೀಪು, ಅದರ ಹಿಂದೆ ಪೇಪರಿನವರ ವ್ಯಾನು. ಅವನು ಪಂಚೆ ಎತ್ತಿ ಕಟ್ಟಿದ. ಕರ್ಚೀಫನ್ನು ಮೂಗಿಗೆ ಬಿಗಿದ. ಎಲ್ಲಕ್ಕಿಂತ ದೊಡ್ಡ ಮೀನಿನ ಹತ್ತಿರ ಹೋಗಿ ನಿಂತ. ಬಗ್ಗಿದ, ಎದ್ದ, ಮತ್ತೆ ಬಗ್ಗಿದ. ಕೊನೆಗೆ ಎರಡೂ ಕೈಯಿಂದ ಬಾಲ ಹಿಡಿದು ಎಳೆದ.

ಬಾಲ ಕಿತ್ತುಕೊಂಡು ಬಂತು. ಅವನು ಹಿಂದಕ್ಕೆ ಬಿದ್ದ, ಇನ್ನೊಂದು ಮೀನಿನ ಮೇಲೆ. ಅದರ ಹೊಟ್ಟೆ ಒಡೆಯಿತು. ಏಳಲು ಕೈಯೂರಿದರೆ ಕೈ ಒಳಕ್ಕೆ ಹೋಯಿತು. ಕೊಳೆತ ರಸ ಅವನ ಬಿಳಿ ಅಂಗಿಗೆ, ಕುತ್ತಿಗೆಗೆ, ಕೆನ್ನೆಗೆ ಮೆತ್ತಿತು. ಕರ್ಚೀಫು ಎಲ್ಲೋ ಕಳಚಿ ಬಿದ್ದಿತ್ತು. ಅವನು ಎದ್ದೇಳಲು ನೋಡುತ್ತಿದ್ದ, ಜಾರುತ್ತಿದ್ದ. ಯಾರಾದರೂ ಹಿಡಿದುಕೊಳ್ಳಲಿ ಎಂದು ಒಂದು ಕೈ ಮುಂದೆ ಚಾಚಿದ.

ಮಂಟಯ್ಯನಿಗೇ ಗೊತ್ತಿಲ್ಲದೆ ಅವನು ಅರ್ಧ ಎದ್ದಿದ್ದ. ಮೂವತ್ತು ವರ್ಷ ಬಿದ್ದವರನ್ನು ಎತ್ತಿದ ಕೈ, ಬುದ್ದಿ ಎಂದೊಡನೆ ಓಡಿ ಹೋಗಲು ಕಲಿತ ಕೈ, ತಾನಾಗಿಯೇ ಮುಂದೆ ಹೋಗುತ್ತಿತ್ತು. ಅವನು ಅದನ್ನು ಕಂಡ. ಇನ್ನೊಂದು ಕೈಯಿಂದ ಅದರ ಮುಂಗೈ ಹಿಡಿದು ಹಿಂದಕ್ಕೆ ಎಳೆದುಕೊಂಡ. ಕಾರುಗಳು ಬಂದು ನಿಂತು, ಬಾಗಿಲು ತೆರೆದು, ನಾತಕ್ಕೆ ಮತ್ತೆ ಮುಚ್ಚಿಕೊಳ್ಳುವವರೆಗೂ ಅವನು ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದ.